ಸಹಾಯ ಬೇಕ್ರಿ: ಕೋರ್ಟಿನ ಇಂಗ್ಲಿಷ್ ಶಬ್ದ ತಲಿಗೆ ಹೋಗವಲ್ವು

ನಮಸ್ಕಾರ್ರಿ ಎಲ್ಲಾರಿಗೂ. ನಾ ವಿಜಯಪುರದಾಗ ಕಾನೂನು ಮೊದಲ ವರ್ಷ ಓದಾಕತ್ತೀನಿ. ಡಿಗ್ರಿತನಕಾ ಕನ್ನಡ ಮಾಧ್ಯಮ, ಈಗ ಶಬ್ದ ಎಲ್ಲಾ ಒಂದಕ್ಕೊಂದು ಗಂಟು ಬಿದ್ದಾವು.

ನಮ್ಮೂರಾಗ ಎಲ್ಲಾದಕ್ಕೂ ‘ಕಳವು’ ಅಂದ್ರ ಮುಗೀತು. ಇಲ್ಲಿ ಹಂಗಲ್ಲ. ಹೇಳದ ಕೇಳದ ಒಯ್ದರ ಥೆಫ್ಟ್, ಹೆದರಿಸಿ ಬಡದು ಕಸಗೊಂಡ್ರ ರಾಬರಿ, ಅದನ್ನ ಐದು ಅಥವಾ ಹೆಚ್ಚು ಮಂದಿ ಕೂಡಿ ಮಾಡಿದ್ರ ಡಕಾಯಿಟಿ. (ಇದು ಹಿಂದಿಯಿಂದ ಇಂಗ್ಲಿಷಿಗೆ ಹೋದ ಶಬ್ದ ಅಂತ ಗೊತ್ತಾಗಿ ಸ್ವಲ್ಪ ಧೈರ್ಯ ಬಂತು!)

ತ್ರಾಸು ಇರೋದು ಡಿಸ್ಚಾರ್ಜ್ ಮತ್ತ ಅಕ್ವಿಟಲ್‌ದಾಗ. ಪೇಪರಿನ್ಯಾಗ ಎರಡಕ್ಕೂ ‘ಬಿಡುಗಡೆ’ ಅಂತನ ಇರ್ತೈತಿ. ಜಾಮೀನಿನ ಮ್ಯಾಲೆ ಹೊರಗ ಬಂದ್ರೂ ಬಿಡುಗಡೆನ. ದೋಷಾರೋಪ ಹೊರಿಸೂಕಿಂತ ಮೊದ್ಲ ಕೈಬಿಟ್ರ ಡಿಸ್ಚಾರ್ಜ್, ವಿಚಾರಣೆ ನಡದು ಆರೋಪ ಸಾಬೀತಾಗಿಲ್ಲ ಅಂದ್ರ ಅಕ್ವಿಟಲ್. ಇಷ್ಟ ತಿಳ್ಕೊಂಡೀನಿ, ಸರಿ ಐತೇನ್ರಿ?

ಇದರ ಮ್ಯಾಲೆ 2024ರ ಜುಲೈ 1ರಿಂದ ಹಳೇ ಭಾರತೀಯ ದಂಡ ಸಂಹಿತೆ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದೈತಿ. ಕೊಲೆ ಅಂದ್ರ ಕಲಂ 302 ಅಂತ ಬಾಯಿಪಾಠ ಇತ್ತು, ಈಗ 103. ಹಳೇ ಪುಸ್ತಕ ಅಗ್ಗಕ್ಕ ಸಿಕ್ತಂತ ತಂದದ್ದು ದಂಡ ಆತು.

ವಕೀಲ ಅಣ್ಣಾರು, ಅಕ್ಕಾರು ಯಾರರ ಕನ್ನಡ ಅರ್ಥ ಬರದ ನೋಟ್ಸ್ ಇಟ್ಟಿದ್ರ ಹೇಳ್ರಿ. ಗಾಂಧಿ ಚೌಕಿಗೆ ಬಂದು ಝೆರಾಕ್ಸ್ ಮಾಡಿಸ್ಕೊಂಡು ಅವತ್ತ ವಾಪಸ್ ಕೊಡ್ತೀನಿ.