ಹೊಸ ಗಾಲ್ಫ್ ಐರನ್ ಸೆಟ್, ಸ್ಟಿಫ್ ಶಾಫ್ಟ್: ಎಲ್ಲಾ ಚೆಂಡೂ ಬಲಕ್ಕೇ ಹೋಗುತ್ತಿದೆ, ಸಹಾಯ ಮಾಡಿ

ಮುಂಜಾನೆ ಟೀ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಹಳೇ ಐರನ್‌ಗಳನ್ನು (ಲೋಹದ ಹೆಡ್ ಇರುವ ಗಾಲ್ಫ್ ಕೋಲು, ಅಂದರೆ ಕ್ಲಬ್) ಬಿಟ್ಟು ಹೊಸ ಸೆಟ್ ತೆಗೆದುಕೊಂಡೆ. ಗ್ರಾಫೈಟ್ ಶಾಫ್ಟ್ (ಕ್ಲಬ್‌ನ ಉದ್ದನೆಯ ಕೋಲು), ಸ್ಟಿಫ್ ಫ್ಲೆಕ್ಸ್, ಅಂದರೆ ಕಡಿಮೆ ಬಾಗುವ ಗಟ್ಟಿ ಶಾಫ್ಟ್. ಹಳೇದರಲ್ಲಿ ಗ್ರೀನ್ (ಗುಳಿ ಇರುವ ನುಣುಪು ಹುಲ್ಲು) ಮಧ್ಯಕ್ಕೆ ಬೀಳುತ್ತಿದ್ದ ಚೆಂಡು ಈಗ ಬಲಗಡೆ ಮರಳಿನ ಬಂಕರ್‌ಗೆ ಹೋಗುತ್ತದೆ. ಒಂದೆರಡು ಸಲ ಅಲ್ಲ, ಪ್ರತಿ ಸಲ. ಚೆನ್ನಾಗಿ ತಗುಲಿದ ಚೆಂಡು ಕೂಡ ಬಲಕ್ಕೇ. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಸರಿಯಾಗಿದೆ. ಸ್ವಿಂಗ್ ಬದಲಾಗಿಲ್ಲ. ಶಾಫ್ಟ್ ಬದಲಿಸಬೇಕಾ, ಇಲ್ಲ ಸೆಟ್ಟನ್ನೇ ಮಾರಬೇಕಾ? ಬೇಗ ಹೇಳಿ, ಟೂರ್ನಮೆಂಟ್ ಹತ್ತಿರ ಬಂದಿದೆ.

ಉಕ್ಕಿನ ಬಾಣ
ಸ್ಟಿಫ್ ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಶಾಫ್ಟ್ ನಿಮಗೆ ಜಾಸ್ತಿ ಗಟ್ಟಿ. ಚೆಂಡಿಗೆ ತಗುಲುವ ಹೊತ್ತಿಗೆ ಫೇಸ್ (ಕ್ಲಬ್‌ನ ಹೊಡೆಯುವ ಮುಖ) ಗುರಿಯ ಕಡೆ ತಿರುಗಿ ಪೂರ್ತಿ ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಅದಕ್ಕೇ ಬಲಕ್ಕೆ ಹೋಗುತ್ತದೆ. ನಿಮ್ಮ ಸ್ವಿಂಗ್ ಸ್ಪೀಡ್ ಎಷ್ಟು?

ಮುಂಜಾನೆ ಟೀ
ಡ್ರೈವರ್‌ನಲ್ಲಿ ಗಂಟೆಗೆ 92 ಮೈಲಿ. ಹೊಸ 7ನೇ ಐರನ್ 150 ಯಾರ್ಡ್ ಹೋಗುತ್ತದೆ. ಹಳೇದಕ್ಕಿಂತ ಜಾಸ್ತಿಯೇ.

ಉಕ್ಕಿನ ಬಾಣ
92ಕ್ಕೆ ರೆಗ್ಯುಲರ್ ಫ್ಲೆಕ್ಸ್ (ಸ್ಟಿಫ್‌ಗಿಂತ ಮೆತ್ತಗಿನದು) ಸಾಕು. 95 ದಾಟಿದ ಮೇಲೆ ಸ್ಟಿಫ್. ಶಾಫ್ಟ್ ಬದಲಿಸಿ, ಸಮಸ್ಯೆ ಮುಗಿಯಿತು. ಬದಲಿಸುವಾಗ ಗ್ರಾಫೈಟ್ ಬಿಟ್ಟು ಸ್ಟೀಲ್ ಹಾಕಿಸಿ. ಐರನ್‌ನಲ್ಲಿ ಗ್ರಾಫೈಟ್ ಹಾಕಿದರೆ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳೋಕೇ ಆಗಲ್ಲ.

ಅಳತೆಪಟ್ಟಿ
ಸ್ವಲ್ಪ ನಿಧಾನ ಸರ್. ಫ್ಲೆಕ್ಸ್ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆ ಅನ್ನುವುದೇ ಇಲ್ಲ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದು ಕಂಪನಿಯ ಸ್ಟಿಫ್‌ನಷ್ಟೇ ಗಟ್ಟಿ ಇರಬಹುದು. ಶಾಫ್ಟ್ ಮೇಲೆ ಅಂಟಿಸಿದ ಅಕ್ಷರ ನೋಡಿ ತೀರ್ಮಾನ ಮಾಡಬೇಡಿ. ನಾನಾದರೆ ಮೊದಲು ತೂಕ ನೋಡುತ್ತೇನೆ. ಹಳೇ ಶಾಫ್ಟ್ ಎಷ್ಟು ಗ್ರಾಂ, ಹೊಸದು ಎಷ್ಟು?

ಗ್ರಾಫೈಟ್ ವಿಷಯವೂ ಹಾಗೇ. 2020ರ ಯುಎಸ್ ಓಪನ್ ಗೆದ್ದಾಗ ಬ್ರೈಸನ್ ಡಿಷಾಂಬೋ ಐರನ್‌ಗಳಲ್ಲಿ ಇದ್ದದ್ದು ಗ್ರಾಫೈಟೇ. ಈಗ 95 ಗ್ರಾಂ, 110 ಗ್ರಾಂ ತೂಗುವ ಗ್ರಾಫೈಟ್ ಐರನ್ ಶಾಫ್ಟ್‌ಗಳೂ ಸಿಗುತ್ತವೆ.

ಉಕ್ಕಿನ ಬಾಣ
ಡಿಷಾಂಬೋ ಐರನ್‌ಗಳೆಲ್ಲ ಒಂದೇ ಉದ್ದ. ಅವರನ್ನು ನಮ್ಮ ಜೊತೆ ಹೋಲಿಸೋದು ಸರಿಯಲ್ಲ. ನನ್ನ ಬ್ಯಾಗ್‌ನಲ್ಲಿ 4ನೇ ಐರನ್‌ನಿಂದ ಹತ್ತಿರದ ಹೊಡೆತದ ವೆಜ್‌ವರೆಗೆ ಡೈನಾಮಿಕ್ ಗೋಲ್ಡ್ ಎಸ್300 ಸ್ಟೀಲ್ ಶಾಫ್ಟ್. ಒಂದೊಂದು ಶಾಫ್ಟೂ ಸುಮಾರು 130 ಗ್ರಾಂ. ಗಾಳಿ ಜೋರಾಗಿ ಬೀಸಿದರೂ ಚೆಂಡು ಕೆಳಗೇ ಹೋಗುತ್ತದೆ, ದಿಕ್ಕು ತಪ್ಪಲ್ಲ. ಹೆಡ್ ಫೋರ್ಜ್ಡ್ (ಬಡಿದು ಮಾಡಿದ) ತೆಳು ಬ್ಲೇಡ್. ಅದರ ಮಧ್ಯಕ್ಕೆ ತಗುಲಿದಾಗ ಕೈಗೆ ಸಿಗುವ ಅನುಭವ ಬೇರೆ ಯಾವುದರಲ್ಲೂ ಸಿಗಲ್ಲ.

ಹೈಬ್ರಿಡ್ ಪ್ರೇಮಿ
ಬಾಣ ಸರ್, 4ನೇ ಐರನ್ ಇನ್ನೂ ಇಟ್ಟುಕೊಂಡಿದ್ದೀರಾ? ನಾನು 3, 4, 5 ಮೂರನ್ನೂ ತೆಗೆದು ಹೈಬ್ರಿಡ್ (ಉದ್ದದ ಐರನ್ ಬದಲು ಬಳಸುವ ಕ್ಲಬ್) ಹಾಕಿದೆ. ಚೆಂಡು ಮೇಲಿಂದ ಇಳಿಯುತ್ತದೆ, ಗ್ರೀನ್ ಮೇಲೆ ನಿಲ್ಲುತ್ತದೆ. ಬ್ಯಾಗ್‌ನಲ್ಲಿ ಇರುವುದು 14 ಜಾಗ. ಮೇಲುಗಡೆ ಕಡಿಮೆ ಮಾಡಿದ್ದರಿಂದ ಈಗ ನಾಲ್ಕು ವೆಜ್ ಹಿಡಿಸುತ್ತವೆ. 100 ಯಾರ್ಡ್ ಒಳಗೆ ಯಾವ ದೂರಕ್ಕೂ ಒಂದು ಕ್ಲಬ್ ಇದೆ.

ಉಕ್ಕಿನ ಬಾಣ
ಹೈಬ್ರಿಡ್ ಎಡಕ್ಕೆ ಓಡುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಹೈಬ್ರಿಡ್ ಪ್ರೇಮಿ
ಐರನ್‌ಗೆ ಬಳಸುವ ತೂಕದ ಶಾಫ್ಟ್‌ಗಿಂತ ತೀರಾ ಹಗುರವಾದದ್ದನ್ನು ಹೈಬ್ರಿಡ್‌ಗೆ ಹಾಕಿದರೆ ಓಡುತ್ತದೆ. ನನ್ನದು 85 ಗ್ರಾಂ, ಓಡಲ್ಲ.

ಮುಂಜಾನೆ ಟೀ
ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಹಳೇದು ಸ್ಟೀಲ್, 115 ಗ್ರಾಂ ಆಸುಪಾಸು. ಹೊಸದು 65 ಗ್ರಾಂ. ಕೈಗೆ ಸಲೀಸಾಗಿದೆ, ಮೊಣಕೈ ನೋವೂ ಕಡಿಮೆಯಾಗಿದೆ. ಅದಕ್ಕೇ ಗ್ರಾಫೈಟ್ ತೆಗೆದುಕೊಂಡದ್ದು.

ಉಕ್ಕಿನ ಬಾಣ
65 ಗ್ರಾಂ ಸ್ಟಿಫ್! ಹಗುರವೂ ಹೌದು, ಗಟ್ಟಿಯೂ ಹೌದು. ನಾನು ಹೇಳಿದ್ದೇ ಸರಿ. ಫೇಸ್ ತೆರೆದೇ ಉಳಿಯುತ್ತಿದೆ.

ಕ್ಲಬ್ ಕಾರ್ಯಾಗಾರ
ನಾನು ಗಾಲ್ಫ್ ಕ್ಲಬ್‌ಗಳನ್ನು ಜೋಡಿಸಿ ಕಟ್ಟುವ ಕೆಲಸ ಮಾಡುತ್ತೇನೆ. ಎಲ್ಲರೂ ಶಾಫ್ಟ್ ಹಿಂದೆ ಬಿದ್ದಿದ್ದೀರಿ, ಆದರೆ ಚೆಂಡು ಹೇಗೆ ಹೋಗುತ್ತಿದೆ ಅಂತ ಇನ್ನೂ ಯಾರೂ ಕೇಳಿಲ್ಲ. ಬಲಕ್ಕೆ ಅಂದರೆ ಎರಡು ಅರ್ಥ. ನೇರ ಹೊರಟು ಆಮೇಲೆ ಬಲಕ್ಕೆ ಬಾಗುತ್ತದೆಯಾ, ಇಲ್ಲ ಶುರುವಿನಿಂದಲೇ ಬಲಕ್ಕೆ ಹೊರಟು ನೆಟ್ಟಗೆ ಹೋಗುತ್ತದೆಯಾ? ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಫೇಸ್ ನಿರ್ಧರಿಸುತ್ತದೆ. ಸ್ವಿಂಗ್ ಹೋಗುವ ದಾರಿಗೂ ಫೇಸ್ ನೋಡುವ ದಿಕ್ಕಿಗೂ ಇರುವ ಅಂತರದಿಂದ ಬಾಗು ಬರುತ್ತದೆ. ಇವೆರಡನ್ನೂ ಬೆರೆಸಿದರೆ ಔಷಧಿ ತಪ್ಪುತ್ತದೆ.

ಇನ್ನೊಂದು, ಯಾವ ಕ್ಲಬ್‌ನಲ್ಲಿ ಜಾಸ್ತಿ? ವೆಜ್‌ನಲ್ಲಾ, 5ನೇ ಐರನ್‌ನಲ್ಲಾ? ಡೈವಟ್ (ಕ್ಲಬ್ ಹುಲ್ಲು ಕಿತ್ತ ಗುರುತು) ಯಾವ ಕಡೆ ಆಳ? ಆಮೇಲೆ ಕ್ಲಬ್‌ನ ಉದ್ದ ಮತ್ತು ಲೈ ಆಂಗಲ್ (ಶಾಫ್ಟ್ ನೆಲದ ಜೊತೆ ಮಾಡುವ ಕೋನ) ಹೇಳಿ. ಸೋಲ್ (ಹೆಡ್‌ನ ತಳ) ಕಾಣುವ ಹಾಗೆ ಒಂದು ಫೋಟೊ ಹಾಕಿ.

ಮುಂಜಾನೆ ಟೀ
ಬಾಗು ಇಲ್ಲ. ಹೊರಡುವಾಗಲೇ ಬಲಕ್ಕೆ. ವೆಜ್ ಮತ್ತು 9ನೇ ಐರನ್‌ನಲ್ಲಿ ತುಂಬಾ ಜಾಸ್ತಿ, 110 ಯಾರ್ಡ್‌ನಿಂದ 10-12 ಯಾರ್ಡ್ ಪಕ್ಕಕ್ಕೆ ಹೋಗುತ್ತದೆ. 5ನೇ ಐರನ್‌ನಲ್ಲಿ ಅಷ್ಟಿಲ್ಲ. ಡೈವಟ್ ಹೀಲ್ ಕಡೆ, ಅಂದರೆ ಶಾಫ್ಟ್‌ಗೆ ಹತ್ತಿರದ ಕಡೆ, ಆಳ ಅನ್ನಿಸುತ್ತದೆ. ನನ್ನ ಎತ್ತರ 6 ಅಡಿ 1 ಇಂಚು. ಅಂಗಡಿಯವರು ಎತ್ತರದ ಚಾರ್ಟ್ ನೋಡಿ ಅರ್ಧ ಇಂಚು ಉದ್ದ, 2 ಡಿಗ್ರಿ ಅಪ್‌ರೈಟ್ (ಶಾಫ್ಟ್ ಇನ್ನಷ್ಟು ನೆಟ್ಟಗೆ ನಿಲ್ಲುವ ಹಾಗೆ) ಮಾಡಿ ತರಿಸಿಕೊಟ್ಟರು. ಫೋಟೊ ಲಗತ್ತಿಸಿದ್ದೇನೆ.

ಅಳತೆಪಟ್ಟಿ
ಇದು ವಿಚಿತ್ರವಾಗಿದೆ. ಅಪ್‌ರೈಟ್ ಜಾಸ್ತಿಯಾದರೆ ಚೆಂಡು ಎಡಕ್ಕೆ ಹೋಗಬೇಕು. ಹೀಲ್ ಅಗೆಯುವುದೂ ಅಪ್‌ರೈಟ್ ಲಕ್ಷಣವೇ. ಆದರೆ ಬಲಕ್ಕೆ ಹೋಗುತ್ತಿದೆ ಅನ್ನುತ್ತೀರಿ. ಲೆಕ್ಕ ಕೂಡುತ್ತಿಲ್ಲ.

ಉಕ್ಕಿನ ಬಾಣ
ಲೈ ಆಂಗಲ್ ಅಲ್ಲ ಅಂತ ಆಯಿತಲ್ಲ. ಗಟ್ಟಿ ಶಾಫ್ಟ್. ರೆಗ್ಯುಲರ್ ಹಾಕಿಸಿ. ಹಾಕಿಸುವಾಗ ಸ್ಪೈನ್ (ಶಾಫ್ಟ್‌ನ ಜಾಸ್ತಿ ಗಟ್ಟಿ ಇರುವ ಬದಿ) ನೋಡಿ ಕೂರಿಸಲು ಹೇಳಿ, ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಅಳತೆಪಟ್ಟಿ
ಸ್ಪೈನ್ ಮಾತು ಬೇಡ ಸರ್. ಈಗಿನ ಒಳ್ಳೆಯ ಶಾಫ್ಟ್‌ಗಳು ಸುತ್ತಲೂ ಸಮನಾಗಿಯೇ ಇರುತ್ತವೆ. ಅದನ್ನು ತಿರುಗಿಸಿ ಕೂರಿಸಿದರೆ 12 ಯಾರ್ಡ್ ಸರಿಹೋಗಲ್ಲ.

ಉಕ್ಕಿನ ಬಾಣ
ನಾನು ಮಾಡಿಸಿದ್ದೇನೆ, ನನಗೆ ವ್ಯತ್ಯಾಸ ಕಂಡಿದೆ.

ಕ್ಲಬ್ ಕಾರ್ಯಾಗಾರ
ಇಬ್ಬರೂ ಫೋಟೊ ನೋಡಿ. ಇದು ಎಡಗೈಯವರ ಕ್ಲಬ್.

ಮುಂಜಾನೆ ಟೀ
ಹೌದು, ನಾನು ಎಡಗೈ ಆಟಗಾರ. ಶಾಫ್ಟ್ ಎರಡೂ ಕೈಗೆ ಒಂದೇ ಅಲ್ವಾ?

ಕ್ಲಬ್ ಕಾರ್ಯಾಗಾರ
ಶಾಫ್ಟ್ ಒಂದೇ. ಆದರೆ ಬಲಕ್ಕೆ ಅನ್ನುವ ಮಾತಿನ ಅರ್ಥ ತಿರುಗುಮುರುಗಾಗುತ್ತದೆ. ಬಲಗೈಯವರಿಗೆ ಬಲಕ್ಕೆ ಹೋಗುವುದು ಫೇಸ್ ತೆರೆದ ಲಕ್ಷಣ. ನಿಮಗೆ ಅದು ಪುಲ್, ಅಂದರೆ ಫೇಸ್ ಮುಚ್ಚಿಕೊಂಡ ಲಕ್ಷಣ. ಇಲ್ಲಿವರೆಗೆ ಹೇಳಿದ ಸಲಹೆಯಂತೆ ಮೆತ್ತಗಿನ ಶಾಫ್ಟ್ ಹಾಕಿಸಿದ್ದರೆ ಇನ್ನೂ ಬಲಕ್ಕೆ ಹೋಗುವ ಸಾಧ್ಯತೆಯೇ ಜಾಸ್ತಿ.

ಈಗ ನಿಮ್ಮ ಲಕ್ಷಣಗಳೆಲ್ಲ ಕೂಡಿ ಬರುತ್ತವೆ. ಅಪ್‌ರೈಟ್ ಜಾಸ್ತಿಯಾದರೆ ಟೋ (ಹೆಡ್‌ನ ಹೊರತುದಿ) ಮೇಲೆದ್ದು ಹೀಲ್ ನೆಲಕ್ಕೆ ತಾಗುತ್ತದೆ. ಆಗ ಲಾಫ್ಟ್ (ಮೇಲ್ಮುಖದ ಓರೆ) ಇರುವ ಫೇಸ್ ಸುಮ್ನೆ ಮೇಲಕ್ಕೆ ನೋಡುವುದಿಲ್ಲ, ಪಕ್ಕಕ್ಕೂ ನೋಡುತ್ತದೆ. ಲಾಫ್ಟ್ ಎಷ್ಟು ಜಾಸ್ತಿಯೋ ಅಷ್ಟು ಪಕ್ಕಕ್ಕೆ. ವೆಜ್‌ನಲ್ಲಿ ತುಂಬಾ, 5ನೇ ಐರನ್‌ನಲ್ಲಿ ಕಡಿಮೆ ಆಗುವುದು ಅದಕ್ಕೇ. ಚೆಂಡು ಕಾಲಿಗಿಂತ ಎತ್ತರದಲ್ಲಿರುವ ಇಳಿಜಾರಿನಿಂದ ಹೊಡೆದಾಗ ಆಗುವುದೂ ಇದೇ.

ಅರ್ಧ ಇಂಚು ಉದ್ದ ಮಾಡಿದರೆ ಸುಮಾರು 1 ಡಿಗ್ರಿ ಅಪ್‌ರೈಟ್ ಮಾಡಿದ ಹಾಗೆ. ಅದರ ಮೇಲೆ ಅವರು 2 ಡಿಗ್ರಿ ಸೇರಿಸಿದ್ದಾರೆ. ಒಟ್ಟು 3. ಎತ್ತರ ಮಾತ್ರ ನೋಡಿದರೆ ಸಾಲದು. ಶೂ ಹಾಕಿ ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನಿಂದ ನೆಲಕ್ಕೆ ಅಳತೆ ತೆಗೆಸಿ ಹೇಳಿ.

ಮುಂಜಾನೆ ಟೀ
34 ಇಂಚು ಬಂತು.

ಕ್ಲಬ್ ಕಾರ್ಯಾಗಾರ
ನಿಮ್ಮ ಎತ್ತರಕ್ಕೆ ಇದು ಕಡಿಮೆ. ನಿಮ್ಮ ತೋಳು ಉದ್ದ, ಕೈ ನೆಲಕ್ಕೆ ಹತ್ತಿರ. ಉದ್ದ ಮಾಡಿಸುವ ಅಗತ್ಯವೇ ಇರಲಿಲ್ಲ. ಆದರೂ ಇದು ನಿಂತಲ್ಲಿ ತೆಗೆದ ಅಳತೆ. ಸ್ವಿಂಗ್‌ನಲ್ಲಿ ಕೈ ಎಲ್ಲಿಗೆ ಬರುತ್ತದೆ ಅನ್ನುವುದೇ ಮುಖ್ಯ. ಅದನ್ನು ಮನೆಯಲ್ಲೇ ನೋಡಬಹುದು. ಚೆಂಡಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಫೇಸ್ ಕಡೆ ಇರುವ ಹಾಗೆ ಚೆಂಡು ಇಟ್ಟು ಹೊಡೆಯಿರಿ. ಗೆರೆ ಫೇಸ್ ಮೇಲೆ ಅಚ್ಚಾಗುತ್ತದೆ. ಅದು ಫೇಸ್ ಮೇಲಿನ ಗೀರುಗಳಿಗೆ (ಗ್ರೂವ್) ಸರಿಯಾಗಿ ಅಡ್ಡವಾಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ ವಾಲಿದರೆ ಅಪ್‌ರೈಟ್ ಜಾಸ್ತಿ, ಹೀಲ್ ಕಡೆ ವಾಲಿದರೆ ಫ್ಲಾಟ್ ಜಾಸ್ತಿ. ಇದಕ್ಕೆ ಎಡಗೈ ಬಲಗೈ ಭೇದ ಇಲ್ಲ.

ಹೈಬ್ರಿಡ್ ಪ್ರೇಮಿ
ಎಡಗೈ ಅಂದ ತಕ್ಷಣ ಗಾಲ್ಫರ್ ಫಿಲ್ ಮಿಕೆಲ್ಸನ್ ನೆನಪಾದರು. ಬೇರೆ ಕೆಲಸಕ್ಕೆಲ್ಲ ಅವರದು ಬಲಗೈಯೇ. ಗಾಲ್ಫ್ ಮಾತ್ರ ಎಡಗೈ.

ಅಳತೆಪಟ್ಟಿ
ಅವರಿಗಿಂತ ಎಷ್ಟೋ ಮೊದಲೇ ಬಾಬ್ ಚಾರ್ಲ್ಸ್ ಇದ್ದರು. 1963ರ ಬ್ರಿಟಿಷ್ ಓಪನ್ ಗೆದ್ದರು, ಮೇಜರ್ (ನಾಲ್ಕು ದೊಡ್ಡ ಟೂರ್ನಮೆಂಟ್‌ಗಳಲ್ಲಿ ಒಂದು) ಗೆದ್ದ ಮೊದಲ ಎಡಗೈ ಆಟಗಾರ. ಮಾಸ್ಟರ್ಸ್‌ನಲ್ಲಿ ಎಡಗೈಯವರು ಗೆಲ್ಲಲು 2003ರವರೆಗೆ ಕಾಯಬೇಕಾಯಿತು, ಮೈಕ್ ವಿಯರ್. ಎಡಗೈಯವರಿಗೆ ಅಂಗಡಿಯಲ್ಲಿ ಟ್ರಯಲ್‌ಗೆ ಇಡುವ ಕ್ಲಬ್‌ಗಳೇ ಕಡಿಮೆ. ಹೊಡೆದು ನೋಡದೆ ಚಾರ್ಟ್ ನೋಡಿ ತರಿಸುವ ಪರಿಸ್ಥಿತಿ ಅದರಿಂದಲೇ ಬರುತ್ತದೆ. ಇದು ನನಗೆ ಬೇಸರದ ವಿಷಯ.

ಉಕ್ಕಿನ ಬಾಣ
ಸರಿ, ಎಡಗೈ ಅಂತ ಮೊದಲೇ ಗೊತ್ತಾಗಿದ್ದರೆ ಬೇರೆ ಹೇಳುತ್ತಿದ್ದೆ. ಹಾಗಾದರೆ ಶಾಫ್ಟ್ ಮೆತ್ತಗಾಗಿದೆ. ಸ್ಟಿಫ್‌ಗಿಂತಲೂ ಗಟ್ಟಿಯಾದ ಎಕ್ಸ್ ಹಾಕಿಸಿ.

ಅಳತೆಪಟ್ಟಿ
92 ಮೈಲಿಗೆ ಎಕ್ಸ್ ಫ್ಲೆಕ್ಸಾ? ಚೆಂಡು ಮೇಲೇಳಲು ಒದ್ದಾಡುತ್ತದೆ.

ಮುಂಜಾನೆ ಟೀ
ಗೆರೆ ಹಾಕಿ ಹೊಡೆದೆ. ವೆಜ್‌ನಲ್ಲಿ ಮೇಲ್ತುದಿ ಟೋ ಕಡೆ ಚೆನ್ನಾಗಿ ವಾಲಿದೆ. 7ರಲ್ಲೂ ಹಾಗೇ. ಹಳೇ ವೆಜ್‌ನಲ್ಲಿ ಹೊಡೆದರೆ ಗೆರೆ ನೆಟ್ಟಗಿದೆ. ಈಗ ಶಾಫ್ಟ್ ಕತ್ತರಿಸಲಾ, ಲೈ ಬಗ್ಗಿಸಲಾ?

ಕ್ಲಬ್ ಕಾರ್ಯಾಗಾರ
ಮೊದಲು ಬಗ್ಗಿಸಿ. ಬಗ್ಗಿಸಿದ್ದನ್ನು ವಾಪಸ್ ತರಬಹುದು, ಕತ್ತರಿಸಿದ್ದನ್ನು ಆಗಲ್ಲ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು 3 ಪಾಯಿಂಟ್ ಇಳಿಯುತ್ತದೆ. ಡಿ2 ಇದ್ದದ್ದು ಸಿ9 ಆಗುತ್ತದೆ. ಮೊದಲೇ ಹಗುರದ ಶಾಫ್ಟ್, ಹೆಡ್ ಎಲ್ಲಿದೆ ಅಂತ ಕೈಗೇ ಗೊತ್ತಾಗುವುದಿಲ್ಲ. ಅದನ್ನು ಸರಿಮಾಡಲು ಹೆಡ್‌ಗೆ 6 ಗ್ರಾಂನಷ್ಟು ಸೀಸದ ಟೇಪ್ ಅಂಟಿಸಬೇಕು.

ನಿಮ್ಮ ಹೆಡ್ ಫೋರ್ಜ್ಡಾ, ಕಾಸ್ಟಾ (ಎರಕ ಹೊಯ್ದದ್ದಾ) ಕೇಳಿಕೊಳ್ಳಿ. ಫೋರ್ಜ್ಡ್ ಸುಲಭವಾಗಿ ಬಗ್ಗುತ್ತದೆ. ಕಾಸ್ಟ್ ಸ್ಟೇನ್‌ಲೆಸ್ ಸ್ಟೀಲ್ ಗಡಸು, 2 ಡಿಗ್ರಿಗಿಂತ ಜಾಸ್ತಿ ಎಳೆದರೆ ಹೋಸೆಲ್ (ಶಾಫ್ಟ್ ಕೂರುವ ಹೆಡ್‌ನ ಕತ್ತು) ಸೀಳುವ ಅಪಾಯ ಇದೆ. ಲಾಫ್ಟ್-ಲೈ ಮೆಷಿನ್ ಇರುವವರಲ್ಲೇ ಮಾಡಿಸಿ.

ಒಂದು ಮಾತು ಈಗಲೇ ಹೇಳುತ್ತೇನೆ. 3 ಡಿಗ್ರಿ ಲೈ ತಪ್ಪಿದರೆ 110 ಯಾರ್ಡ್‌ನ ವೆಜ್ ಸುಮಾರು 6 ಯಾರ್ಡ್ ಪಕ್ಕಕ್ಕೆ ಹೋಗುತ್ತದೆ. ನಿಮ್ಮದು 10-12 ಹೋಗುತ್ತಿದೆ. ಉಳಿದ ಅರ್ಧಕ್ಕೆ ಬೇರೆ ಕಾರಣ ಇರಬೇಕು. ನನ್ನ ಅನುಮಾನ ತೂಕದ ಮೇಲೆ. 115ರಿಂದ 65ಕ್ಕೆ ಒಮ್ಮೆಲೇ ಇಳಿದರೆ ಕೈ ಬೇಗ ತಿರುಗಿ ಫೇಸ್ ಮುಚ್ಚಿಬಿಡುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಹೈಬ್ರಿಡ್ ಪ್ರೇಮಿ
ಹೊಸ 7 ಜಾಸ್ತಿ ದೂರ ಹೋಗುತ್ತದೆ ಅಂದಿರಲ್ಲ, ಲಾಫ್ಟ್ ಎಷ್ಟು?

ಮುಂಜಾನೆ ಟೀ
29 ಡಿಗ್ರಿ. ಹಳೇದು 34.

ಹೈಬ್ರಿಡ್ ಪ್ರೇಮಿ
ಹಾಗಾದರೆ ಅದು ಹಳೇ ಸೆಟ್‌ನ 6ಕ್ಕಿಂತಲೂ ಸ್ಟ್ರಾಂಗ್, ಅಂದರೆ ಲಾಫ್ಟ್ ಕಡಿಮೆ. ಪಿಚಿಂಗ್ ವೆಜ್ 43 ಇರಬೇಕು ನೋಡಿ. 56ರ ಸ್ಯಾಂಡ್ ವೆಜ್ ಜೊತೆ ಇಟ್ಟರೆ ನಡುವೆ 13 ಡಿಗ್ರಿ ಖಾಲಿ. 49ರ ಹತ್ತಿರ ಒಂದು ಗ್ಯಾಪ್ ವೆಜ್ ಬೇಕೇ ಬೇಕು.

ಮುಂಜಾನೆ ಟೀ
ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಇದು.

ಮುಂಜಾನೆ ಟೀ
ಹೆಡ್ ಕಾಸ್ಟ್. 2 ಡಿಗ್ರಿ ಫ್ಲಾಟ್ ಮಾಡಿಸಿದೆ. ವೆಜ್ ಮತ್ತು 9ರಲ್ಲಿ ತುಂಬಾ ವ್ಯತ್ಯಾಸ, ಈಗ ಧ್ವಜದ ಸ್ವಲ್ಪ ಬಲಕ್ಕೆ ಬೀಳುತ್ತದೆ, ಬಂಕರ್‌ಗೆ ಹೋಗುತ್ತಿಲ್ಲ. 6 ಮತ್ತು 7 ಇನ್ನೂ ಬಲಕ್ಕೇ ಹೊರಡುತ್ತವೆ, ವಿಶೇಷವಾಗಿ ಜೋರಾಗಿ ಹೊಡೆದಾಗ. ಕಾರ್ಯಾಗಾರ ಸರ್, ತುಂಬಾ ಉಪಕಾರವಾಯಿತು.

ಕ್ಲಬ್ ಕಾರ್ಯಾಗಾರ
ಸಂತೋಷ. ಜೋರಾಗಿ ಹೊಡೆದಾಗ ಜಾಸ್ತಿ ಅಂದರೆ ತೂಕದ ಅನುಮಾನ ಬಲವಾಗುತ್ತದೆ. ಈಗ ಇದೇ ಹೆಡ್‌ಗೆ 90-95 ಗ್ರಾಂ ಗ್ರಾಫೈಟ್ ಹಾಕಿದ ಎಡಗೈ ಡೆಮೊ ಕ್ಲಬ್ ಎಲ್ಲಾದರೂ ಸಿಗುತ್ತದೆಯಾ ನೋಡಿ. ಮೊಣಕೈ ನೋವಿರುವುದರಿಂದ ಸ್ಟೀಲ್‌ಗೆ ವಾಪಸ್ ಹೋಗುವುದು ಬೇಡ. ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಮುಂದೆ ಹೊಡೆಯುವಾಗ ದೂರ ನೋಡಬೇಡಿ. ಫೇಸ್ ಆಂಗಲ್ ಮತ್ತು ಚೆಂಡು ಹೊರಟ ದಿಕ್ಕು ನೋಡಿ. ಒಂದೇ ಒಳ್ಳೆಯ ಹೊಡೆತ ನೋಡಿ ತೀರ್ಮಾನಿಸಬೇಡಿ, ಎಲ್ಲವೂ ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ನೋಡಿ.

ಉಕ್ಕಿನ ಬಾಣ
ಕೊನೆಗೂ ಶಾಫ್ಟ್‌ಗೇ ಬಂತು. ನಾನು ಮೊದಲ ದಿನವೇ ಹೇಳಿದ್ದೆ.

ಅಳತೆಪಟ್ಟಿ
ನೀವು ಹೇಳಿದ್ದು ಫ್ಲೆಕ್ಸ್. ಇದು ತೂಕ. ಎರಡೂ ಬೇರೆ ಬೇರೆ.

ಉಕ್ಕಿನ ಬಾಣ
ಹಗುರ ಅಂತಲೂ ಬರೆದಿದ್ದೇನೆ, ಮೇಲೆ ಓದಿ ನೋಡಿ.

ಹೊಸಬ 7
ನನಗೂ ಇದೇ ತೊಂದರೆ. ಬಲಗೈ ಆಟಗಾರ, ಡ್ರೈವರ್ ಮಾತ್ರ ಬಲಕ್ಕೆ ಬಾಗಿ ಹೋಗುತ್ತದೆ. 45.75 ಇಂಚು, 9 ಡಿಗ್ರಿ. ನಾನೂ ಲೈ ಬಗ್ಗಿಸಬೇಕಾ?

ಕ್ಲಬ್ ಕಾರ್ಯಾಗಾರ
ಬೇಡ. ಡ್ರೈವರ್‌ನಲ್ಲಿ ಲಾಫ್ಟ್ ಕಡಿಮೆ, ಲೈ ಪ್ರಭಾವವೂ ಕಡಿಮೆ. ನಿಮ್ಮದು ಬಾಗುತ್ತಿದೆ, ಇವರದು ಬಾಗುತ್ತಿರಲಿಲ್ಲ. ಫೇಸ್ ಮೇಲೆ ಪೌಡರ್ ಸ್ಪ್ರೇ ಹಾಕಿ ಹೊಡೆದು, ಚೆಂಡು ಎಲ್ಲಿ ತಗುಲುತ್ತಿದೆ ನೋಡಿ. ಹೀಲ್ ಕಡೆ ತಗುಲಿದರೆ ಅದೇ ಚೆಂಡನ್ನು ಬಲಕ್ಕೆ ತಿರುಗಿಸುತ್ತದೆ. ಫೋಟೊ ತೆಗೆದು ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.