ಅಪ್‌ಡೇಟ್: ಷೆವರ್ಲೆ 350ರಿಂದ 383 ಸ್ಟ್ರೋಕರ್‌ಗೆ, ಕಡೆಗೂ ಆಯ್ಕೆಯಾದ ಭಾಗಗಳು

ನನ್ನ ಹಳೆಯ 350 ಘನ ಇಂಚಿನ ಷೆವರ್ಲೆ ಎಂಜಿನ್ ಬ್ಲಾಕನ್ನು 383 ಘನ ಇಂಚಿನ ಸ್ಟ್ರೋಕರ್ (ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಹೆಚ್ಚಿಸಿದ ಎಂಜಿನ್) ಮಾಡಲು, ಕಡಿಮೆ ಖರ್ಚಿನಲ್ಲಿ ಯಾವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಪಿಸ್ಟನ್ ಹಾಕಬೇಕೆಂದು ಹಿಂದೆ ಕೇಳಿದ್ದೆ. ಬೋರನ್ನು (ಸಿಲಿಂಡರಿನ ವ್ಯಾಸ) 4.030 ಇಂಚಿಗೆ ಹಿಗ್ಗಿಸಿ, 3.48ರ ಬದಲು 3.75 ಇಂಚು ಸ್ಟ್ರೋಕಿನ ಎರಕದ ಕ್ರ್ಯಾಂಕ್ ಕೂರಿಸಿದ್ದೇನೆ. ಬಡಿದು ರೂಪಿಸಿದ, ಹೆಚ್ಚು ಗಟ್ಟಿಯಾದ ಫೋರ್ಜ್ಡ್ ಕ್ರ್ಯಾಂಕಿನ ಆಸೆಯನ್ನು, ರೇಸಿಗೆ ಹೋಗದ ಗಾಡಿಗೆ ಅದೇಕೆ ಎಂದು ಬಿಟ್ಟೆ.

ನನ್ನನ್ನು ಹೆಚ್ಚು ಕಾಡಿದ್ದು ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು. ನನ್ನಲ್ಲಿದ್ದ 64 ಸಿಸಿ ದಹನ ಕೋಣೆಯ ಹೆಡ್‌ಗಳೊಂದಿಗೆ (ಸಿಲಿಂಡರ್ ಮುಚ್ಚುವ ಭಾಗ) ಫ್ಲಾಟ್ ಟಾಪ್ (ಮೇಲ್ಭಾಗ ಸಮತಟ್ಟಾದ) ಪಿಸ್ಟನ್ ಹಾಕಿದರೆ ಅನುಪಾತ ಸುಮಾರು 10.5 ಆಗುತ್ತಿತ್ತು, ಕಬ್ಬಿಣದ ಹೆಡ್ ಇಟ್ಟುಕೊಂಡು ಸಾಮಾನ್ಯ ಪೆಟ್ರೋಲಿನಲ್ಲಿ ಓಡಿಸುವವನಿಗೆ ಅದು ನಾಕಿಂಗ್‌ಗೆ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಆಹ್ವಾನವೇ ಸರಿ. ಆದ್ದರಿಂದ ಮೇಲ್ಭಾಗದಲ್ಲಿ 18 ಸಿಸಿ ತಗ್ಗಿರುವ ಡಿಶ್ ಪಿಸ್ಟನ್ ಆರಿಸಿದೆ. ಹೆಡ್ ಗ್ಯಾಸ್ಕೆಟ್‌ನ ದಪ್ಪ, ಡೆಕ್ (ಬ್ಲಾಕಿನ ಮೇಲ್ಮೈಗೂ ಪಿಸ್ಟನ್‌ಗೂ ನಡುವಿನ ಅಂತರ) ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ 9.2ರ ಆಸುಪಾಸಿಗೆ ಬಂತು.

ಪೂರ್ತಿ ಜೋಡಿಸುವ ಮೊದಲು ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ರಾಡ್‌ನ ಒಂದು ಬೋಲ್ಟ್ ಸಿಲಿಂಡರಿನ ಕೆಳ ಅಂಚಿಗೆ ಕಿರ್ರೆಂದು ಉಜ್ಜಿತು. ಅಲ್ಲಿ ಒಂದೂವರೆ ಮಿಲಿಮೀಟರ್ ಸಂದು ಸಿಗುವವರೆಗೆ ಗ್ರೈಂಡರ್ ಹಿಡಿದು, ಕಬ್ಬಿಣದ ಪುಡಿ ಹೋಗಲೆಂದು ಬ್ಲಾಕನ್ನು ಸೋಪುನೀರಿನಲ್ಲಿ ಎರಡು ಬಾರಿ ತೊಳೆದೆ. ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೂ ರಾಡ್‌ಗೂ ನಡುವಿನ ಸಂದನ್ನೂ ಅಳೆಯದೆ ಮುಂದುವರಿಯಬೇಡಿ.

ಹಣ ಪೋಲಾದದ್ದು ಕ್ರ್ಯಾಂಕಿನ ಮುಂತುದಿಯಲ್ಲಿ ಕಂಪನ ತಗ್ಗಿಸುವ ಡ್ಯಾಂಪರಿನಲ್ಲಿ. ಈ ಕ್ರ್ಯಾಂಕಿಗೆ ಷೆವರ್ಲೆ 400 ಎಂಜಿನ್ ಮಾದರಿಯ, ಹೊರಗಿನಿಂದ ತೂಕ ಸರಿದೂಗಿಸುವ ಡ್ಯಾಂಪರ್ ಮತ್ತು ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನು ಗೇರ್‌ಬಾಕ್ಸಿನ ಕಡೆಗೆ ಸೇರಿಸುವ ತಟ್ಟೆ) ಬೇಕು. ಅಂಗಡಿಯವರು ಕಳಿಸಿದ್ದು ಸಾಮಾನ್ಯ 350ರದ್ದು. ಪೆಟ್ಟಿಗೆಯ ಮೇಲಿನ ಬರಹ ನಂಬಿ ಹಾಕಿಬಿಡುವುದರಲ್ಲಿದ್ದೆ. ಹಿಂದಿರುಗಿಸುವ ಸಾಗಣೆ ವೆಚ್ಚ ನನ್ನ ತಲೆಗೇ ಬಂತು. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲೆಯೇ ಇದೆ. ಕಾರ್ಬ್ಯುರೇಟರ್ ಹಳೆಯದೇ ಸಾಕೆಂದು ನಿರ್ಧರಿಸಿದ್ದೇನೆ.