ಅಪ್‌ಡೇಟ್: ಅಲ್ಯೂಮಿನಿಯಂ ಸಂಪ್‌ಗೆ ಸ್ಟೀಲ್ ಪೈಪ್ ಕೂರಿಸುವ ವಿಚಾರ

ಕಾರಿಗೆ ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸುತ್ತಿದ್ದೇನೆ, ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವ ಸ್ಟೀಲ್ ಪೈಪನ್ನು ಅಲ್ಯೂಮಿನಿಯಂ ಸಂಪ್‌ಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ವೆಲ್ಡ್ ಮಾಡಬಹುದಾ ಎಂದು ಇಲ್ಲಿ ಕೇಳಿದ್ದೆ. ಹೆಚ್ಚಿನವರು ಬೇಡ ಎಂದಿರಿ. ಲೇತ್ ಅಂಗಡಿಯವರೂ ಅದನ್ನೇ ಹೇಳಿದರು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ, ಸ್ಟೀಲ್‌ಗೆ 1500ರ ಹತ್ತಿರ ಬೇಕು. ಹೇಗೋ ಬೆರೆಸಿದರೂ ನಡುವೆ ಗಾಜಿನಂತೆ ಪಟ್ಟನೆ ಒಡೆಯುವ ಪದರ ಹುಟ್ಟುತ್ತದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದೂ ಸ್ಟೀಲ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಹಾಗಾಗಿ ಅಲ್ಯೂಮಿನಿಯಂ ಬುಷ್ (ದಪ್ಪ ಬಳೆಯಂಥ ತುಂಡು) ಮಾಡಿಸಿ ಸಂಪ್‌ಗೆ ಟಿಗ್ ವೆಲ್ಡ್ (ಟಂಗ್‌ಸ್ಟನ್ ಮೊನೆಯ ವಿದ್ಯುತ್ ಆರ್ಕ್‌ನಿಂದ ಮಾಡುವ ಬೆಸುಗೆ) ಹಾಕಿಸಿದೆ. ಎಸಿ ಕರೆಂಟ್, 4043 ಫಿಲ್ಲರ್ ರಾಡ್ (ಬೆಸುಗೆಗೆ ಕರಗಿಸಿ ತುಂಬುವ ಅಲ್ಯೂಮಿನಿಯಂ ಕಡ್ಡಿ). ಬುಷ್ ಒಳಗೆ ಥ್ರೆಡ್, ಅದಕ್ಕೆ ಸ್ಟೀಲ್ ಫಿಟ್ಟಿಂಗ್, ಆಮೇಲೆ ಹೋಸ್.

ನಿಜವಾದ ತಲೆನೋವು ಕ್ಲೀನಿಂಗ್. ಹಳೇ ಎರಕದ ಸಂಪ್‌ನ ಸಣ್ಣ ರಂಧ್ರಗಳಲ್ಲಿ ಆಯಿಲ್ ಕೂತಿರುತ್ತದೆ, ಅಲ್ವಾ? ಆರ್ಕ್ ತಾಗಿದ ಕೂಡಲೇ ಅದು ಹೊರಗೆ ಬಂದು ವೆಲ್ಡ್ ತುಂಬಾ ಗುಳ್ಳೆ. ಉಜ್ಜಿ, ತೊಳೆದು, ಬಿಸಿ ಮಾಡಿ, ಮತ್ತೆ ಒರೆಸಿದ ಮೇಲೆ ಸರಿಹೋಯಿತು. ಪೈಪ್ ಸೇರುವ ತೂತನ್ನು ಸಂಪ್‌ನ ಆಯಿಲ್ ಮಟ್ಟಕ್ಕಿಂತ ಮೇಲೆಯೇ ಇಟ್ಟಿದ್ದೇವೆ, ಯಾಕಂದ್ರೆ ಆಯಿಲ್ ತನ್ನ ಭಾರದಿಂದಲೇ ಇಳಿಯಬೇಕು.

ಸೋರಿಕೆ ನೋಡಲು ಹೊರಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟೆವು. ಕಲೆ ಬರಲಿಲ್ಲ. ಎಪಾಕ್ಸಿ ಅಂಟು ಮೆತ್ತಿದರೆ ಸಾಕು ಎಂದವರ ಮಾತು ನಾನು ಒಪ್ಪಲಿಲ್ಲ, ಸದಾ ಬಿಸಿ ಆಯಿಲ್ ಇರುವ ಜಾಗ ಅದು.

ಮುಂದಿನದು ಎರಕದ ಕಬ್ಬಿಣದ ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಒಟ್ಟುಗೂಡಿ ಹೊರಹೋಗುವ ಭಾಗ). ಅದಕ್ಕೆ ಸ್ಟೇನ್‌ಲೆಸ್ ಪೈಪನ್ನು ವೆಲ್ಡ್ ಮಾಡಿಸದೆ, ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಇಟ್ಟು ಬೋಲ್ಟ್ ತೂತುಗಳಿರುವ ಚಪ್ಪಟೆ ಅಂಚಾದ ಫ್ಲ್ಯಾಂಜ್‌ನಲ್ಲಿ ಬೋಲ್ಟ್ ಹಾಕಿಸುತ್ತಿದ್ದೇನೆ.